ಮಡಚುವ ಮೂಲೆಮಟ್ಟ: ಪ್ರತಿ ಸಲ ಬಿಚ್ಚಿದಾಗಲೂ 90 ಡಿಗ್ರಿಗೇ ನಿಲ್ಲೋ ಹಾಗೆ ಮಾಡೋದು ಹೇಗೆ?

ಗೀಟುಗಾರ:

ನನ್ನ ಹತ್ತಿರ 24 ಇಂಚು × 16 ಇಂಚಿನ, ಎಲ್ ಆಕಾರದ ಸ್ಟೀಲ್ ಮೂಲೆಮಟ್ಟ ಇದೆ. ಪ್ಲೈವುಡ್ ಹಾಳೆ ಮೇಲೆ ಗೆರೆ ಎಳೆಯೋದಕ್ಕೆ, ಬಾಗಿಲ ಚೌಕಟ್ಟು ಕೂರಿಸೋದಕ್ಕೆ, ಮೆಟ್ಟಿಲಿಗೆ ಗುರುತು ಹಾಕೋದಕ್ಕೆ ಎಲ್ಲಕ್ಕೂ ಅದೇ ಬೇಕು. ತೊಂದರೆ ಇರೋದು ಹೊತ್ತುಕೊಂಡು ಹೋಗೋದರಲ್ಲಿ. ಯಾವ ಚೀಲದಲ್ಲೂ ಕೂರಲ್ಲ. ಒಂದು ಕೈ ಒಳಗೆ ಹೋದರೆ ಇನ್ನೊಂದು ಹೊರಗೆ ಚಾಚಿಕೊಂಡಿರುತ್ತದೆ, ಬಾಗಿಲಿಗೆ ತಗುಲುತ್ತದೆ, ಪಕ್ಕದಲ್ಲಿರುವವರ ಮೊಣಕಾಲಿಗೆ ಕುಟ್ಟುತ್ತದೆ.

ಅದಕ್ಕೇ ಮಡಚುವಂಥದ್ದು ಮಾಡೋಣ ಅಂತ ಚಿತ್ರ ಬರೆಯುತ್ತಾ ಕೂತಿದ್ದೇನೆ. ಈಗಿನ ಯೋಚನೆ ಹೀಗಿದೆ. ದೊಡ್ಡ ಪಟ್ಟಿ 600 × 50 ಮಿ.ಮೀ, ಚಿಕ್ಕ ಪಟ್ಟಿ 400 × 40 ಮಿ.ಮೀ. ಎರಡೂ 2 ಮಿ.ಮೀ ದಪ್ಪದ ಸ್ಟೇನ್‌ಲೆಸ್ ಸ್ಟೀಲ್. ಮೂಲೆಯಲ್ಲಿ ಒಂದರ ಮೇಲೊಂದು ಇಟ್ಟು 6 ಮಿ.ಮೀ ಬೋಲ್ಟು. ಅದರಿಂದ 25 ಮಿ.ಮೀ ದೂರದಲ್ಲಿ ಇನ್ನೊಂದು ತೂತು, ಅದಕ್ಕೆ ಪಿನ್ನು. ಬಿಚ್ಚಿ, ಪಿನ್ನು ತೂರಿಸಿ, ವಿಂಗ್ ನಟ್ ಬಿಗಿ ಮಾಡಿದರೆ 90 ಡಿಗ್ರಿ. ಪಿನ್ನು ತೆಗೆದರೆ ಕತ್ತರಿ ಹಾಗೆ ಮಡಚಿಕೊಳ್ಳುತ್ತದೆ.

ಇದರಲ್ಲಿ ಎಲ್ಲಿ ಎಡವಟ್ಟಾಗಬಹುದು? ಕಬ್ಬಿಣ ಕತ್ತರಿಸೋಕೆ ಮುಂಚೆನೇ ಹೇಳಿಬಿಡಿ.

ಲೇತ್ ಮೇಷ್ಟ್ರು:

ಪಿನ್ನು ಬೋಲ್ಟಿಗೆ ತುಂಬಾ ಹತ್ತಿರ ಇದೆ ಸರ್. ಎಡವಟ್ಟೆಲ್ಲ ಅಲ್ಲೇ.

ಲೆಕ್ಕ ಹಾಕಿ ನೋಡಿ. ಪಿನ್ನಿಗೂ ತೂತಿಗೂ ನಡುವೆ 0.1 ಮಿ.ಮೀ ಆಟ, ಅಂದರೆ ಸಡಿಲ, ಇದೆ ಅಂದುಕೊಳ್ಳಿ. ಕೈ ಡ್ರಿಲ್ಲಿನಲ್ಲಿ ಕೊರೆದ ತೂತಾದರೆ ಅಷ್ಟಂತೂ ಇದ್ದೇ ಇರುತ್ತದೆ. 25 ಮಿ.ಮೀ ದೂರದಲ್ಲಿ ಇರುವ 0.1, ಪಟ್ಟಿಯ ತುದಿಗೆ ಹೋಗುವಷ್ಟರಲ್ಲಿ ಎಷ್ಟಾಗುತ್ತದೆ? 600 ಭಾಗಿಸು 25, ಅಂದರೆ 24 ಪಟ್ಟು. ತುದಿಯಲ್ಲಿ 2.4 ಮಿ.ಮೀ ಅಲ್ಲಾಡುತ್ತದೆ. ಅದನ್ನ ಮೂಲೆಮಟ್ಟ ಅಂತ ಕರೆಯೋಕಾಗಲ್ಲ.

ತೂತನ್ನ ಕರಾರುವಾಕ್ಕಾಗಿ ಹದ ಮಾಡೋ ರೀಮರ್ ಹಾಕಿ, ಅಳತೆಗೆ ತಕ್ಕ ಡೋವೆಲ್ ಪಿನ್ (ನುಣುಪಾದ ದುಂಡು ಪಿನ್ನು) ಹಾಕಿದರೆ ಆಟ 0.01ಕ್ಕೆ ಇಳಿಸಬಹುದು. ಆಗ ತುದಿಯಲ್ಲಿ 0.24 ಮಿ.ಮೀ. ಚೆನ್ನಾಗಿದೆ. ಆದರೆ ಬಿಗಿಯಾದ ಪಿನ್ನನ್ನು ದಿನಾ ಹಾಕಿ ತೆಗೆದು ಮಾಡಿದರೆ ತೂತು ಸವೆಯುತ್ತದೆ. ಹೊಸದರಲ್ಲಿ ಸರಿಯಾಗಿ ಇದ್ದದ್ದು ಬರ್ತಾ ಬರ್ತಾ ಲೂಸಾಗುತ್ತದೆ.

ನನ್ನ ಅಭಿಪ್ರಾಯ ಇಷ್ಟೇ. ತಿರುಗಿಸುವ ಕೆಲಸ ಒಂದರದು, 90ಕ್ಕೆ ನಿಲ್ಲಿಸುವ ಕೆಲಸ ಇನ್ನೊಂದರದು. ಎರಡನ್ನೂ ಬೇರೆ ಮಾಡಿ. ನಿಲ್ಲಿಸುವ ಜಾಗ ಕೀಲಿನಿಂದ ಎಷ್ಟು ದೂರ ಇಟ್ಟರೆ ಅಷ್ಟು ಒಳ್ಳೇದು.

ಚೌಕಟ್ಟು ಚಿಕ್ಕಣ್ಣ:

ಸುಮ್ನೆ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇದು ಬೇಕಾ?

ಒಂದು ಚಿಕ್ಕ ಟ್ರೈ ಸ್ಕ್ವೇರ್, ಒಂದು ನೇರ ಪಟ್ಟಿ, ಒಂದು ಟೇಪು ಇದ್ದರೆ ದೊಡ್ಡ ಮೂಲೆಮಟ್ಟದ ಕೆಲಸ ಮುಗಿಯುತ್ತದೆ. ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ, ಕರ್ಣ 5 ಅಡಿ ಬಂದರೆ ಮೂಲೆ ಸರಿ. ಚೌಕಟ್ಟಾದರೆ ಎರಡೂ ಕರ್ಣ ಅಳೆದು ಸಮ ಇದೆಯಾ ನೋಡೋದು. ಇದಕ್ಕಿಂತ ಕರಾರುವಾಕ್ಕಾದ ಮೂಲೆಮಟ್ಟ ಯಾವ ಅಂಗಡಿಯಲ್ಲೂ ಸಿಗಲ್ಲ. ದೊಡ್ಡ ಅಳತೆಗೆ ಹೋದಷ್ಟೂ ಟೇಪೇ ಗೆಲ್ಲೋದು.

ಗೀಟುಗಾರ:

ಚಿಕ್ಕಣ್ಣನವರೇ, ಚೌಕಟ್ಟು ಜೋಡಿಸಿ ಆದಮೇಲೆ ಪರೀಕ್ಷೆ ಮಾಡೋಕೆ ಕರ್ಣವೇ ಸರಿ, ಒಪ್ಪುತ್ತೇನೆ. ಆದರೆ ಪ್ಲೈ ಹಾಳೆ ಮೇಲೆ ಸಾಲಾಗಿ ಅಡ್ಡ ಗೆರೆ ಎಳೀಬೇಕಾದರೆ ಒಂದೊಂದಕ್ಕೂ 3-4-5 ಹಾಕ್ತಾ ಕೂರೋಕಾಗುತ್ತಾ? ಮಟ್ಟವನ್ನ ಅಂಚಿಗೆ ಒತ್ತಿ, ಗೆರೆ ಎಳೆದು, ಸರಿಸಿ, ಮತ್ತೆ ಎಳೀಬೇಕು. ಆ ವೇಗ ಟೇಪಿನಿಂದ ಬರಲ್ಲ.

ಮೇಷ್ಟ್ರೇ, 24 ಪಟ್ಟು ಅನ್ನೋ ಮಾತು ತಲೆಗೆ ಹೊಕ್ಕಿತು. ಹಾಗಾದರೆ ಓರೆಪಟ್ಟಿ ಹಾಕಿದರೆ? ಎರಡು ಪಟ್ಟಿಗಳ ನಡುವೆ ಅದೇ 3-4-5 ಲೆಕ್ಕದಲ್ಲಿ ಒಂದು ಕರ್ಣ. ಒಂದರಲ್ಲಿ ಮೂಲೆಯಿಂದ 400ಕ್ಕೆ ತೂತು, ಇನ್ನೊಂದರಲ್ಲಿ 300ಕ್ಕೆ, ನಡುವೆ 500 ಮಿ.ಮೀ ಪಟ್ಟಿ. ಆಗ ನಿಲ್ಲಿಸುವ ಜಾಗ ಕೀಲಿನಿಂದ ಬಹಳ ದೂರ ಹೋಯ್ತಲ್ಲ?

ಡ್ರಾಯಿಂಗ್ ಬೋರ್ಡ್:

ಯೋಚನೆ ಚೆನ್ನಾಗಿದೆ. ಲೆಕ್ಕ ಹಾಕಿ ನೋಡಿದೆ. ಕರ್ಣದ ಪಟ್ಟಿಯಲ್ಲಿ ಒಟ್ಟು 0.1 ಮಿ.ಮೀ ಆಟ ಇದ್ದರೆ 600ರ ತುದಿಯಲ್ಲಿ 0.25 ಮಿ.ಮೀ ಮಾತ್ರ ವ್ಯತ್ಯಾಸ. ಅಂದರೆ ಸಾಧಾರಣ ತೂತು, ಸಾಧಾರಣ ಬೋಲ್ಟಿನಲ್ಲೇ ರೀಮರ್ ಹಾಕಿದಷ್ಟು ಒಳ್ಳೆಯ ಕೆಲಸ.

ಆದರೆ ಮಡಚಿ ನೋಡಿ. 500ರ ಕರ್ಣವನ್ನು ದೊಡ್ಡ ಪಟ್ಟಿಯ 400ರ ತೂತಿಗೆ ಕೀಲು ಮಾಡಿ ಹಿಂದಕ್ಕೆ ಮಲಗಿಸಿದರೆ ಅದು ಮೂಲೆ ದಾಟಿ 100 ಮಿ.ಮೀ ಆಚೆ ಚಾಚುತ್ತದೆ. ಮುಂದಕ್ಕೆ ಮಲಗಿಸಿದರೆ 900ಕ್ಕೆ ಹೋಗುತ್ತದೆ. ಎರಡೂ ಕಡೆ ಆಗಲ್ಲ. 180-240-300 ಮಾಡಿ. ಅದೂ 3-4-5ರ ಲೆಕ್ಕವೇ. 240ರಲ್ಲಿ ಕೀಲು, ಮುಂದಕ್ಕೆ ಮಲಗಿಸಿದರೆ 540ಕ್ಕೆ ನಿಲ್ಲುತ್ತದೆ, 600ರ ಒಳಗೇ. ಆಟದ ಲೆಕ್ಕ ಸ್ವಲ್ಪ ಜಾಸ್ತಿಯಾಗುತ್ತದೆ: 0.1ಕ್ಕೆ ತುದಿಯಲ್ಲಿ 0.42. ಪರವಾಗಿಲ್ಲ ಅನ್ನಬಹುದು.

ಉಳಿ ಹಿಡಿದವಳು:

ಲೆಕ್ಕ ಸರಿ ಇರಬಹುದು. ಕೆಲಸಕ್ಕೆ ಮಾತ್ರ ಆಗಲ್ಲ.

ಕಪಾಟಿನ ಚೌಕಟ್ಟು ಅಂಟು ಹಚ್ಚಿ ಕ್ಲಾಂಪು ಬಿಗಿದಾಗ ನಾನು ಮೂಲೆಮಟ್ಟವನ್ನ ಒಳಮೂಲೆಗೆ ಒತ್ತಿ ಹಿಡೀತೀನಿ. ಅಲ್ಲಿ ಹೊರ ಅಂಚುಗಳು ಕೆಲಸ ಮಾಡಬೇಕು, ಮೂಲೆಯ ತುದಿ ಚೂಪಾಗಿ ಪೂರ್ತಿ ಇರಬೇಕು. ಗೆರೆ ಎಳೆಯುವಾಗ ಒಳ ಅಂಚನ್ನ ಹಲಗೆಗೆ ಒತ್ತೀನಿ. ಕರ್ಣ ಹಾಕಿದರೆ ಒಳ ಅಂಚನ್ನ ಹಲಗೆಗೆ ಒತ್ತೋದು ಹೇಗೆ? ಕರ್ಣವೇ ಹಲಗೆಗೆ ಅಡ್ಡ ನಿಲ್ಲುತ್ತದೆ.

ಇನ್ನೊಂದು. ಪಟ್ಟಿಗಳು ಒಂದರ ಮೇಲೊಂದು ಕೂತಿವೆ ಅಂದಿರಿ. ಹಾಗಾದರೆ ಕೆಳಗಿನ ಪಟ್ಟಿ ಮರಕ್ಕೆ ತಾಗಿದಾಗ ಮೇಲಿನದು 2 ಮಿ.ಮೀ ಎತ್ತರದಲ್ಲಿ ತೇಲುತ್ತದೆ. ಪೆನ್ಸಿಲ್ಲಿನ ತುದಿ ಅದರ ಕೆಳಗೆ ನುಸುಳುತ್ತದೆ, ಕೈ ಸ್ವಲ್ಪ ಓರೆಯಾದರೆ ಗೆರೆಯೂ ಓರೆ. ಗುರುತು ಚಾಕು ಹಿಡಿದರಂತೂ ಕೇಳೋದೇ ಬೇಡ. ಅಷ್ಟೆಲ್ಲ ಲೆಕ್ಕ ಹಾಕಿ 0.25 ಉಳಿಸಿ, ಇಲ್ಲಿ 1 ಮಿ.ಮೀ ಕಳ್ಕೊಂಡರೆ ಏನು ಬಂತು?

ನನಗೆ ಬೇಕಾದ್ದು: ಎರಡೂ ಪಟ್ಟಿ ಒಂದೇ ಮಟ್ಟದಲ್ಲಿರಬೇಕು. ಹೊರ ಮೂಲೆ ಪೂರ್ತಿ ಇರಬೇಕು. ತಿರುಗಿಸಿ ಎರಡೂ ಮುಖದಲ್ಲೂ ಬಳಸೋ ಹಾಗಿರಬೇಕು. ಇಷ್ಟು ಕೊಟ್ಟರೆ ಮಡಚೋದು ಆಮೇಲಿನ ಮಾತು.

ಗೀಟುಗಾರ:

ಮೇಡಂ, ಇದೇ ಮಾತು ಕೇಳೋಕೆ ಇಲ್ಲಿ ಬಂದಿದ್ದು. ಕರ್ಣ ಕೈಬಿಟ್ಟೆ. ಆದರೆ ಎರಡೂ ಒಂದೇ ಮಟ್ಟದಲ್ಲಿದ್ದರೆ ಮಡಚೋದು ಹೇಗೆ? ಒಂದಕ್ಕೊಂದು ಡಿಕ್ಕಿ ಹೊಡೆಯಲ್ವಾ?

ಹಳೇ ಸಾಮಾನು:

ಅಕ್ಕಪಕ್ಕ ಮಲಗುವ ಹಾಗೆ ಮಾಡಬೇಕು, ಮೇಲೆ ಮೇಲೆ ಅಲ್ಲ.

ಹಳೇ ಬಾಕ್ಸ್‌ವುಡ್ ಮಡಚು ಅಡಿಕೋಲು ನೋಡಿದ್ದೀರಾ? ಹಿತ್ತಾಳೆ ಕೀಲಿನದು. ಅದರ ಎರಡು ತುಂಡುಗಳು ಮಡಚಿದಾಗ ಒಂದರ ಅಂಚಿಗೆ ಇನ್ನೊಂದರ ಅಂಚು ತಾಗಿಕೊಂಡು ಮಲಗುತ್ತವೆ. ಕೀಲಿನ ನಡುಬಿಂದು ಸರಿಯಾಗಿ ಆ ಎರಡು ಅಂಚು ಸೇರುವ ಗೆರೆಯ ಮೇಲೆ ಇರುತ್ತದೆ. ಅದೇ ಗುಟ್ಟು. ನಿಮ್ಮ ಮಟ್ಟದಲ್ಲೂ ಕೀಲನ್ನು ಒಳ ಅಂಚುಗಳು ಸೇರುವ ಬಿಂದುವಿಗೆ ತನ್ನಿ, ಅಂದರೆ ಒಳಮೂಲೆಗೆ. ಮಡಚಿದಾಗ 50 + 40, ಒಟ್ಟು 90 ಮಿ.ಮೀ ಅಗಲದ ಒಂದು ಪಟ್ಟಿ ಆಗುತ್ತದೆ. ಚೀಲಕ್ಕೆ ಆರಾಮಾಗಿ ಹೋಗುತ್ತದೆ.

ಇನ್ನು ಇತಿಹಾಸದ ಒಂದೆರಡು ಮಾತು ಹೇಳಿಬಿಡ್ತೀನಿ, ನನ್ನ ಚಟ. ಈ ಸಾಗಾಟದ ಕಷ್ಟ ಹೊಸದೇನಲ್ಲ. ಮೂಲೆಯಲ್ಲಿ ಬಿಚ್ಚಿ ಎರಡು ತುಂಡು ಮಾಡುವ ಸ್ಟೀಲ್ ಮಟ್ಟಗಳು ಅಮೆರಿಕದಲ್ಲಿ ಬಹಳ ಹಿಂದೆಯೇ ಬಂದಿದ್ದವು. ಇನ್ನು ಕೆಲವರು ಮಡಚೋದನ್ನೇ ಬಿಟ್ಟು ಆಕಾರ ಬದಲಿಸಿದರು. 1925ರಲ್ಲಿ ಆಲ್ಬರ್ಟ್ ಸ್ವಾನ್ಸನ್ ಮಾಡಿದ ಸ್ಪೀಡ್ ಸ್ಕ್ವೇರ್ ಅಂದರೆ ಬರೀ ತ್ರಿಕೋನ. ಒಂದು ಅಂಚಿಗೆ ದಪ್ಪ ತುಟಿ, ಬಿದ್ದರೂ ಕೋನ ಕೆಡಲ್ಲ, 7 ಇಂಚಿನದು ಜೇಬಿನಲ್ಲೇ ಕೂರುತ್ತದೆ. ಅದಕ್ಕೂ ಮುಂಚೆ, 1870ರ ದಶಕದಲ್ಲಿ ಲರಾಯ್ ಸ್ಟಾರೆಟ್ ಕಾಂಬಿನೇಷನ್ ಸ್ಕ್ವೇರ್ ಮಾಡಿದ. ಅದರಲ್ಲಿ ಪಟ್ಟಿ ಜಾರುತ್ತದೆ, ಬಿಚ್ಚಿ ಬೇರೆ ಇಡಬಹುದು. ಆದರೆ ಇವೆರಡೂ ಚಿಕ್ಕ ಕೆಲಸದವು. 600ರ ಉದ್ದ ಬೇಕು ಅಂದರೆ ಮತ್ತೆ ಎಲ್ ಆಕಾರಕ್ಕೇ ಬರಬೇಕು.

ಲೇತ್ ಮೇಷ್ಟ್ರು:

ಒಳಮೂಲೆಯ ಕೀಲು ಅಂದಿದ್ದೇ ತಡ, ಕಾಗದ ತಗೊಂಡು ಕೂತೆ. ಇದರಲ್ಲಿ ಇನ್ನೊಂದು ಲಾಭ ಇದೆ.

ದೊಡ್ಡ ಪಟ್ಟಿಯನ್ನು ಕೀಲಿಗೇ ನಿಲ್ಲಿಸಬೇಡಿ. ಕೀಲಿನಿಂದ ಹಿಂದಕ್ಕೆ ಇನ್ನೂ 40 ಮಿ.ಮೀ ಬೆಳೆಸಿ. ಈಗ ಹೊರ ಮೂಲೆ ಪೂರ್ತಿ ಆ ಪಟ್ಟಿಯದ್ದೇ ಆಯ್ತು. ಚಿಕ್ಕ ಪಟ್ಟಿಯನ್ನು ಬಿಚ್ಚುತ್ತಾ ಹೋದರೆ 90 ಡಿಗ್ರಿಗೆ ಬಂದಾಗ ಅದರ ಬುಡ ಬಂದು ಈ ಬೆಳೆದ ಭಾಗದ ಅಂಚಿಗೆ ಪೂರ್ತಿ ಕೂತುಬಿಡುತ್ತದೆ. ಮುಂದಕ್ಕೆ ಹೋಗೋಕೆ ಜಾಗವೇ ಇಲ್ಲ. ಬೇರೆ ಪಿನ್ನು ಬೇಡ, ಪಟ್ಟಿಯ ಬುಡವೇ ತಡೆ.

ಬುಡ ಪೂರ್ತಿ ತಾಗೋದು ಬೇಡ. ಹೊರಗಿನ 8 ಮಿ.ಮೀ ಮಾತ್ರ ತಾಗಲಿ, ಉಳಿದದ್ದನ್ನ 1 ಮಿ.ಮೀ ಅರದಿಂದ ತಗ್ಗಿಸಿ. ಆಗ ತಾಗುವ ಜಾಗ ಕೀಲಿನಿಂದ ಸುಮಾರು 36 ಮಿ.ಮೀ ದೂರ. ಪಿನ್ನು 25ರಲ್ಲಿ ಇದ್ದದ್ದಕ್ಕಿಂತ ಸುಧಾರಿಸಿತು. ತಗ್ಗಿಸಿದ ಜಾಗದಲ್ಲಿ ಮರದ ಹೊಟ್ಟು ಬಿದ್ದರೂ ಕೋನ ಕೆಡಲ್ಲ.

ಕೀಲಿನ ಜಾಗದಲ್ಲಿ ಎರಡೂ ಪಟ್ಟಿಯನ್ನು ಅರ್ಧರ್ಧ ದಪ್ಪಕ್ಕೆ ಇಳಿಸಿ, ಮರದಲ್ಲಿ ಅರ್ಧ ಕಚ್ಚು ಹಾಕ್ತೀವಲ್ಲ ಹಾಗೆ. ಅದಕ್ಕೆ 2 ಮಿ.ಮೀ ಸಾಲದು, 3 ಬೇಕು. ತಲಾ ಒಂದೂವರೆ ಉಳಿಯುತ್ತದೆ.

ಉಳಿ ಹಿಡಿದವಳು:

ಒಳಮೂಲೆಯಲ್ಲಿ ಕೀಲು ಇದ್ದರೆ ಅಲ್ಲೊಂದು ಗುಬುಟು ಉಳಿಯುತ್ತದಲ್ಲ? ಪಿನ್ನಿನ ಸುತ್ತ ಲೋಹ ಬೇಕೇ ಬೇಕು. ಹಲಗೆಯ ಮೂಲೆಯನ್ನ ಒಳಗೆ ತೂರಿಸಿ ಪರೀಕ್ಷೆ ಮಾಡೋಕಾಗಲ್ಲ.

ಲೇತ್ ಮೇಷ್ಟ್ರು:

ಆಗಲ್ಲ ಮೇಡಂ. 10 ಮಿ.ಮೀ ತ್ರಿಜ್ಯದ ಗುಬುಟು ಇರುತ್ತದೆ. ಅದನ್ನ ತಪ್ಪಿಸೋ ದಾರಿ ನನಗಂತೂ ಕಾಣಲಿಲ್ಲ. ಹಲಗೆ ಮೂಲೆ ನೋಡೋಕೆ ಜೇಬಿನಲ್ಲಿ 6 ಇಂಚಿನದು ಇರುತ್ತದಲ್ಲ, ಅದೇ ಸಾಕು. ಒಳ ಅಂಚನ್ನು ಹಲಗೆಗೆ ಒತ್ತಿ ಗೆರೆ ಎಳೆಯೋದಕ್ಕೆ ತೊಂದರೆ ಇಲ್ಲ, ಹಲಗೆಯ ಮೂಲೆ ಗುಬುಟಿನಿಂದ ದೂರ ಇದ್ದರಾಯ್ತು.

ಉಳಿ ಹಿಡಿದವಳು:

ಸರಿ, ಅಷ್ಟು ಬಿಟ್ಟುಕೊಡ್ತೀನಿ. ಹೊರ ಮೂಲೆ ನನಗೆ ಮುಖ್ಯ.

ಚೌಕಟ್ಟು ಚಿಕ್ಕಣ್ಣ:

ನಾನೂ ಒಂದು ಪ್ರಶ್ನೆ ಕೇಳಲೇ? ಬುಡ ಬಂದು ಕೂತುಕೊಳ್ಳುತ್ತದೆ ಅಂದಿರಿ. ಹಿಡಿದುಕೊಳ್ಳೋದು ಯಾರು? ಮುಂದಕ್ಕೆ ಹೋಗಲ್ಲ, ಸರಿ. ಹಿಂದಕ್ಕೆ ಬರಬಹುದಲ್ಲ? ಗೆರೆ ಎಳೆಯುವಾಗ ಪೆನ್ಸಿಲ್ ಒತ್ತಡಕ್ಕೆ ಒಂಚೂರು ಮಡಚಿಕೊಂಡರೆ ಮುಗೀತು.

ಪೆಟ್ಟಿಗೆಗೆ ಹಾಕೋ ಎಳೆಕೊಂಡಿ ಇರುತ್ತಲ್ಲ, ಎಳೆದು ಒತ್ತಿದರೆ ಟಕ್ ಅಂತ ಕೂರೋದು, ಅದನ್ನ ಹಾಕಿದರೆ ಬಿಗಿಯಾಗಿ ಎಳೆದು ಹಿಡಿಯುತ್ತೆ ಅನ್ಸುತ್ತೆ.

ಡ್ರಾಯಿಂಗ್ ಬೋರ್ಡ್:

ಎಲ್ಲಿ ಹಾಕ್ತೀರಿ? ಹೊರ ಅಂಚಿಗೆ ಹಾಕಿದರೆ ಆ ಅಂಚು ಕೆಲಸಕ್ಕೆ ಬರಲ್ಲ. ಮುಖದ ಮೇಲೆ ಹಾಕಿದರೆ ಆ ಮುಖ ಮರಕ್ಕೆ ಕೂರಲ್ಲ, ತಿರುಗಿಸಿ ಬಳಸೋಕಾಗಲ್ಲ. ಏನೇ ಹಾಕಿದರೂ 3 ಮಿ.ಮೀ ದಪ್ಪದ ಒಳಗೇ ಅಡಗಿಕೊಂಡಿರಬೇಕು.

ಆದರೆ ಚಿಕ್ಕಣ್ಣನವರ ಪ್ರಶ್ನೆಯ ಒಳಗೆ ಇನ್ನೊಂದು ವಿಷಯ ಇದೆ. ಒತ್ತಿ ಹಿಡಿಯೋದು ಬರೀ ಮಡಚಿಕೊಳ್ಳದಿರಲಿ ಅಂತ ಅಲ್ಲ. ಕೀಲಿನ ಪಿನ್ನಿನಲ್ಲಿ ಆಟ ಇದ್ದೇ ಇರುತ್ತದೆ. ಪಿನ್ನು ಒಂದು ಸಲ ತೂತಿನ ಈ ಗೋಡೆಗೆ, ಇನ್ನೊಂದು ಸಲ ಆ ಗೋಡೆಗೆ ತಾಗಿದರೆ ಕೋನ ಬದಲಾಗುತ್ತದೆ. ಪ್ರತಿ ಸಲವೂ ಒಂದೇ ಕಡೆಗೆ, ಒಂದೇ ಹದದಲ್ಲಿ ತಳ್ಳಿ ಹಿಡಿಯುವ ಹಾಗಿದ್ದರೆ ಪಿನ್ನು ಅದೇ ಗೋಡೆಗೆ ಬಂದು ಕೂರುತ್ತದೆ. ಆಟ ಇದ್ದರೂ ಕೋನ ಅದೇ ಬರುತ್ತದೆ. ಬಿಗಿ ಕೀಲು ಮಾಡೋಕೆ ಒದ್ದಾಡೋ ಬದಲು ಒಂದೇ ಕಡೆಗೆ ತಳ್ಳೋದು ಸುಲಭ.

ಹಳೇ ಸಾಮಾನು:

ಅಯಸ್ಕಾಂತ?

ಲೇತ್ ಮೇಷ್ಟ್ರು:

ಬೇಡ ಮಾರಾಯ್ರೇ. ಮರದ ಹೊಟ್ಟಿಗೆ ಅಂಟಲ್ಲ ನಿಜ. ಆದರೆ ಅರ ಹಾಕಿದ ಪುಡಿ, ಮೊಳೆಯ ಚೂರು, ಗರಗಸ ಮಸೆದ ಪುಡಿ ಎಲ್ಲ ನೇರವಾಗಿ ಹೋಗಿ ತಾಗುವ ಜಾಗಕ್ಕೇ ಕೂರುತ್ತದೆ. 36 ಮಿ.ಮೀ ದೂರದಲ್ಲಿ 0.1ರ ಒಂದು ಕಬ್ಬಿಣದ ಚೂರು ಸಿಕ್ಕಿಕೊಂಡರೆ 600ರ ತುದಿಯಲ್ಲಿ 1.7 ಮಿ.ಮೀ. ಕಸ ಬರಬಾರದ ಜಾಗಕ್ಕೆ ಕಸವನ್ನು ನಾವೇ ಕರೆದ ಹಾಗೆ.

ನಾನು ಹೇಳೋದು ಕ್ಯಾಮ್, ಅಂದರೆ ತಿರುಗಿಸಿದಾಗ ಎಳೆದು ಬಿಗಿ ಮಾಡೋ ಬಿಲ್ಲೆ. ಚಿಕ್ಕ ಪಟ್ಟಿಯ ಬುಡದಲ್ಲಿ 16 ಮಿ.ಮೀ ದುಂಡನೆ ತೂತು. ಅದರೊಳಗೆ 3 ಮಿ.ಮೀ ದಪ್ಪದ ಬಿಲ್ಲೆ, ಎರಡೂ ಮುಖಕ್ಕೆ ಸಮವಾಗಿ. ಬಿಲ್ಲೆ ಬಿದ್ದುಹೋಗದ ಹಾಗೆ ಅದರ ಸುತ್ತ ಗಾಡಿ (ಉದ್ದನೆಯ ಹಳ್ಳ) ಕೊರೆದು, ಪಟ್ಟಿಯ ತೂತಿನಲ್ಲಿ ಸಣ್ಣ ನಾಲಗೆ ಬಿಡಬೇಕು. ದೊಡ್ಡ ಪಟ್ಟಿಯಿಂದ ಒಂದು ಕೊಕ್ಕೆ ಬಂದು ಈ ಬಿಲ್ಲೆಯ ಹಳ್ಳಕ್ಕೆ ಸಿಗಬೇಕು. ಬಿಲ್ಲೆಯ ಮೇಲೆ ಒಂದು ಗೀರು, ನಾಣ್ಯ ಇಟ್ಟು ಕಾಲು ಸುತ್ತು ತಿರುಗಿಸಿದರೆ ಕೊಕ್ಕೆಯನ್ನ ಎಳೆದು ಬುಡವನ್ನ ತಡೆಗೆ ಒತ್ತಿ ಕೂರಿಸುತ್ತದೆ. ಕ್ಯಾಮಿನ ಹಳ್ಳ ತಿರುಗಿದ ಹಾಗೆ ಸ್ವಲ್ಪ ಸ್ವಲ್ಪವೇ ಕಿರಿದಾಗುತ್ತಾ ಹೋಗೋ ಹಾಗಿದ್ದರೆ ಸವೆದಷ್ಟೂ ಇನ್ನೊಂಚೂರು ಮುಂದೆ ತಿರುಗುತ್ತದೆ, ಲೂಸಾಗಲ್ಲ.

ಗೀಟುಗಾರ:

ಕೈ ಕೆಲಸಕ್ಕೆ ಇದು ಕಷ್ಟ ಅಲ್ವಾ ಮೇಷ್ಟ್ರೇ? ಲೇತು, ಮಿಲ್ಲಿಂಗು ಇಲ್ಲದವರು ಏನು ಮಾಡಬೇಕು?

ಲೇತ್ ಮೇಷ್ಟ್ರು:

ಲೇಸರ್ ಕಟ್ಟಿಂಗ್ ಮಾಡೋ ಕಡೆ ಕೊಡಿ. 3 ಮಿ.ಮೀ ಪಟ್ಟಿಯನ್ನ ಮೂರು ಪದರ ಮಾಡಿ, ತಲಾ 1 ಮಿ.ಮೀ ಹಾಳೆ. ನಡುವಿನ ಪದರಕ್ಕೆ ಬೇರೆ ಆಕಾರ, ಹೊರಗಿನ ಎರಡಕ್ಕೆ ಬೇರೆ ಆಕಾರ. ರಿವಿಟ್ ಹೊಡೆದು ಸೇರಿಸಿದರೆ ಅರ್ಧ ಕಚ್ಚು, ಗಾಡಿ, ನಾಲಗೆ ಎಲ್ಲ ತಾನಾಗೇ ಬಂದುಬಿಡುತ್ತದೆ. ಕೀಲಿನಲ್ಲಿ ಒಂದು ಪಟ್ಟಿಯ ನಡು ಪದರ ಇನ್ನೊಂದರ ಹೊರ ಪದರಗಳ ನಡುವೆ ಹೋಗುತ್ತದೆ. ಅರ್ಧರ್ಧ ಮಾಡಿದ್ದಕ್ಕಿಂತ ಇದೇ ಗಟ್ಟಿ, ಪಿನ್ನಿಗೆ ಎರಡೂ ಕಡೆ ಆಸರೆ ಇರುತ್ತದಲ್ಲ. ರಿವಿಟ್ ತಲೆ ಮಾತ್ರ ಮುಖಕ್ಕೆ ಸಮ ಇರಬೇಕು, ತಲೆ ಮುಳುಗುವ ಹಾಗೆ ತೂತಿನ ಬಾಯಿ ಅಗಲ ಮಾಡಿ (ಕೌಂಟರ್‌ಸಿಂಕ್) ಅರ ಹಾಕಿ.

ಹೊರ ಅಂಚನ್ನ ಮೂರು ಪದರ ಸೇರಿಸಿದ ಮೇಲೆ ಒಟ್ಟಿಗೆ ಮಸೆಯಿರಿ. ಲೇಸರ್ ಬಿಟ್ಟ ಅಂಚನ್ನೇ ನಂಬಿ ಗೆರೆ ಎಳೆಯಬೇಡಿ.

ಡ್ರಾಯಿಂಗ್ ಬೋರ್ಡ್:

ತೂಕದ ಲೆಕ್ಕವನ್ನೂ ಇಲ್ಲೇ ಹಾಕಿಬಿಡೋಣ. ಮೊದಲು ಹೇಳಿದ 2 ಮಿ.ಮೀ ಸ್ಟೀಲ್ ಆಗಿದ್ದರೆ ಎರಡೂ ಪಟ್ಟಿ ಸೇರಿ 720 ಗ್ರಾಂ ಹತ್ತಿರ. 3 ಮಿ.ಮೀ ಮಾಡಿದರೆ 1 ಕಿಲೋ ದಾಟುತ್ತದೆ. ಅಲ್ಯೂಮಿನಿಯಂ 3 ಮಿ.ಮೀ ಆದರೆ 375 ಗ್ರಾಂ ಆಸುಪಾಸು. ಹೊರೋದಕ್ಕೇ ಅಂತ ಮಡಚೋದಾದರೆ ಅಲ್ಯೂಮಿನಿಯಂ ಕಡೆ ಮನಸ್ಸು ಹೋಗುತ್ತದೆ.

ಆದರೆ ಕೀಲು, ತಡೆ, ಕ್ಯಾಮ್ ಮೂರೂ ಸವೆಯುವ ಜಾಗ. ಅಲ್ಲಿ ಬರೀ ಅಲ್ಯೂಮಿನಿಯಂ ನಿಲ್ಲಲ್ಲ, ಸ್ಟೀಲ್ ಬುಶ್ (ತೂತಿನೊಳಗೆ ಕೂರೋ ಕೊಳವೆ) ಹಾಕಲೇಬೇಕು. ಬಣ್ಣ ಕೂರಿಸದ ಬರೀ ಅಲ್ಯೂಮಿನಿಯಂ ತಿಳಿ ಬಣ್ಣದ ಮರದ ಮೇಲೆ ಉಜ್ಜಿದರೆ ಬೂದು ಕಲೆ ಬೇರೆ ಬಿಡುತ್ತದೆ, ಮೇಲ್ಮೈಗೆ ಗಟ್ಟಿ ಪದರ ಬರಿಸೋ ಆನೊಡೈಸ್ ಮಾಡಿಸಬೇಕು. ನಾನಾದರೆ ಹೊರ ಪದರ ಎರಡು ಅಲ್ಯೂಮಿನಿಯಂ, ನಡುವಿನದು ಸ್ಟೀಲ್ ಮಾಡ್ತೀನಿ. ತಡೆಗೆ ಬರೀ ನಡುವಿನ ಸ್ಟೀಲೇ ತಾಗಲಿ.

ಬಿಸಿಲಿಗೆ ಹಿಗ್ಗಿದರೆ ಕೋನ ಹೋಗುತ್ತಾ ಅಂತ ಯಾರೋ ಕೇಳೇ ಕೇಳ್ತಾರೆ. ಎರಡೂ ಪಟ್ಟಿ ಒಂದೇ ಥರ ಮಾಡಿದ್ದರೆ, ಎರಡೂ ಒಂದೇ ಹದಕ್ಕೆ ಬಿಸಿಯಾಗಿದ್ದರೆ, ಎಲ್ಲ ಕಡೆ ಒಂದೇ ಅನುಪಾತದಲ್ಲಿ ಹಿಗ್ಗುತ್ತದೆ. ಅಳತೆ ಕೂದಲೆಳೆಯಷ್ಟು ದೊಡ್ಡದಾಗಬಹುದು, ಕೋನ 90ರಲ್ಲೇ ಇರುತ್ತದೆ.

ಉಳಿ ಹಿಡಿದವಳು:

ಎಷ್ಟೇ ಚೆನ್ನಾಗಿ ಮಾಡಿದರೂ ಒಂದು ದಿನ ಬಿದ್ದೇ ಬೀಳುತ್ತದೆ. ಆಗ ಸರಿ ಮಾಡೋಕೆ ದಾರಿ ಇರಬೇಕು.

ಮಾಮೂಲಿ ಸ್ಟೀಲ್ ಮಟ್ಟ ಕೆಟ್ಟರೆ ಸೆಂಟರ್ ಪಂಚ್‌ನಲ್ಲಿ ಸರಿ ಮಾಡ್ತಾರೆ. ಕೋನ 90ಕ್ಕಿಂತ ಕಡಿಮೆ ಆಗಿದ್ದರೆ ಒಳಮೂಲೆಯ ಹತ್ತಿರ ಪಂಚ್ ಇಟ್ಟು ಒಂದು ಏಟು. ಅಲ್ಲಿ ಲೋಹ ಹರಡಿ ಕೋನ ತೆರೆದುಕೊಳ್ಳುತ್ತದೆ. ಜಾಸ್ತಿ ಆಗಿದ್ದರೆ ಹೊರ ಮೂಲೆಯ ಹತ್ತಿರ ಏಟು, ಮುಚ್ಚಿಕೊಳ್ಳುತ್ತದೆ. ನಿಮ್ಮ ಮಡಚು ಮಟ್ಟದಲ್ಲಿ ಅಲ್ಲಿ ಕೀಲು ಇದೆ, ಏಟು ಹಾಕೋ ಹಾಗಿಲ್ಲ. ತಡೆಯನ್ನೇ ಸರಿಹೊಂದಿಸೋ ಹಾಗೆ ಮಾಡಿ.

ಗೀಟುಗಾರ:

ತಡೆಯ ಜಾಗಕ್ಕೆ ಒಂದು ಗ್ರಬ್ ಸ್ಕ್ರೂ (ತಲೆ ಇಲ್ಲದ ಸ್ಕ್ರೂ) ಹಾಕಿದರೆ? ಅಲೆನ್ ಕೀ ಹಾಕಿ ಒಂಚೂರು ಮುಂದೆ, ಒಂಚೂರು ಹಿಂದೆ.

ಡ್ರಾಯಿಂಗ್ ಬೋರ್ಡ್:

3 ಮಿ.ಮೀ ದಪ್ಪದಲ್ಲಿ ಸ್ಕ್ರೂ ಕೂರಿಸೋಕೆ ಜಾಗವೇ ಕಡಿಮೆ. ಜೊತೆಗೆ ಅದು ಬಹಳ ಒರಟು. ಎಂ2.5, ಅಂದರೆ 2.5 ಮಿ.ಮೀ ದಪ್ಪದ ಸ್ಕ್ರೂ, ಒಂದು ಸುತ್ತಿಗೆ 0.45 ಮಿ.ಮೀ ಮುಂದೆ ಹೋಗುತ್ತದೆ. ಹತ್ತನೇ ಒಂದು ಸುತ್ತು ತಿರುಗಿಸಿದರೂ 0.045. ಅದು 600ರ ತುದಿಯಲ್ಲಿ ಮುಕ್ಕಾಲು ಮಿಲಿಮೀಟರ್. ಸ್ಕ್ರೂವನ್ನ ಅದಕ್ಕಿಂತ ಸಣ್ಣದಾಗಿ ತಿರುಗಿಸೋಕೆ ಕೈಗೆ ಬರಲ್ಲ, ಬಿಗಿ ಮಾಡುವಾಗ ಮತ್ತೆ ಕದಲುತ್ತದೆ.

ಓರೆಗುಂಡಿನ ಪಿನ್ನು ಹಾಕಿ, ಎಕ್ಸೆಂಟ್ರಿಕ್ ಅಂತೀವಲ್ಲ, ಅದು. ನಡುಬಿಂದುವಿನಿಂದ 0.15 ಮಿ.ಮೀ ಆಚೆ ತಿರುಗುವ ಒಂದು ಸ್ಟೀಲ್ ಗುಂಡು. ಬುಡ ಬಂದು ಆ ಗುಂಡಿಗೆ ತಾಗಲಿ. ಅರ್ಧ ಸುತ್ತು ಪೂರ್ತಿ ತಿರುಗಿಸಿದರೂ ಒಟ್ಟು 0.3 ಮಾತ್ರ ಬದಲಾವಣೆ. ಅಂದರೆ ತುದಿಯಲ್ಲಿ ಆ ಕಡೆ 2.5, ಈ ಕಡೆ 2.5 ಮಿ.ಮೀವರೆಗೆ ಸರಿ ಮಾಡಬಹುದು. 10 ಡಿಗ್ರಿ ತಿರುಗಿಸಿದರೆ ನಡುವಿನ ಭಾಗದಲ್ಲೂ ತುದಿಯಲ್ಲಿ ಅರ್ಧ ಮಿಲಿಮೀಟರಿಗಿಂತ ಕಡಿಮೆ ಬದಲಾಗುತ್ತದೆ. ಕೈಗೆ ಸಿಗುವ ಹದ ಇದು.

ಗುಂಡಾಗಿರೋದರಿಂದ ಇನ್ನೊಂದು ಅನುಕೂಲ. ಗುಂಡಿಗೆ ನೇರ ಅಂಚು ತಾಗೋದು ಒಂದು ಗೆರೆಯಲ್ಲಿ. ಕಸ ಅಲ್ಲಿ ನಿಲ್ಲೋದು ಕಷ್ಟ, ಪಕ್ಕಕ್ಕೆ ಜಾರುತ್ತದೆ.

ಚೌಕಟ್ಟು ಚಿಕ್ಕಣ್ಣ:

ಸರಿ ಇದೆಯಾ ಅಂತ ಹೇಗೆ ನೋಡ್ತೀರಿ? ಇನ್ನೊಂದು ಮಟ್ಟ ಇಟ್ಟು ನೋಡಿದರೆ ಅದು ಸರಿ ಇದೆ ಅಂತ ಯಾರು ಹೇಳೋರು?

ಉಳಿ ಹಿಡಿದವಳು:

ಯಾರೂ ಬೇಡ ಅಣ್ಣಾ. ತಿರುಗಿಸಿ ಹಾಕಿ ನೋಡೋದು.

ನೇರ ಅಂಚಿರೋ ಹಲಗೆ ತಗೊಳ್ಳಿ. ಅಂಚು ನೇರ ಇದೆಯಾ ಅಂತ ಮೊದಲು ನೋಡಿಕೊಳ್ಳಿ, ಇಲ್ಲಾಂದ್ರೆ ಮುಂದಿನದೆಲ್ಲ ವ್ಯರ್ಥ. ಅಂಚಿಗೆ ಒಂದು ಪಟ್ಟಿ ಒತ್ತಿ, ಇನ್ನೊಂದರ ಪಕ್ಕ ಚಾಕುವಿನಿಂದ ಗೆರೆ ಎಳೀರಿ. ಪೆನ್ಸಿಲ್ ಬೇಡ, ಅದರ ಗೆರೆಯೇ ಅರ್ಧ ಮಿಲಿಮೀಟರ್ ದಪ್ಪ ಇರುತ್ತದೆ. ಈಗ ಮಟ್ಟವನ್ನ ಮಗುಚಿ ಹಾಕಿ, ಅದೇ ಬುಡದ ಬಿಂದುವಿನಿಂದ ಮತ್ತೆ ಗೆರೆ. ಎರಡೂ ಒಂದರ ಮೇಲೊಂದು ಕೂತರೆ 90. ಮೇಲೆ ಹೋಗ್ತಾ ಅಗಲಾದರೆ ತಪ್ಪಿದೆ. 500 ಮಿ.ಮೀ ಮೇಲೆ ಗೆರೆಗಳ ನಡುವೆ ಅರ್ಧ ಮಿಲಿಮೀಟರ್ ಕಂಡರೆ ನಿಜವಾದ ತಪ್ಪು ಅದರ ಅರ್ಧ, ಕಾಲು ಮಿಲಿಮೀಟರ್. ತಪ್ಪು ಎರಡು ಪಟ್ಟಾಗಿ ಕಣ್ಣಿಗೆ ಬೀಳುತ್ತದೆ, ಅದಕ್ಕೇ ಈ ಪರೀಕ್ಷೆ ನನಗಿಷ್ಟ.

ಮಡಚುವ ಮಟ್ಟಕ್ಕೆ ಒಂದು ಪರೀಕ್ಷೆ ಜಾಸ್ತಿ ಬೇಕು. ಗೆರೆ ಎಳೆದ ಮೇಲೆ ಮಡಚಿ, ಬಿಚ್ಚಿ, ಬೀಗ ಹಾಕಿ, ಅದೇ ಗೆರೆಗೆ ಇಟ್ಟು ನೋಡಿ. ಬೇಕಂತಲೇ ಒಂದು ಸಲ ಮೆಲ್ಲಗೆ ಬಿಚ್ಚಿ, ಒಂದು ಸಲ ಜೋರಾಗಿ ಬಿಚ್ಚಿ. ಒಂದು ಸಲ ಹೊಟ್ಟು ಉದುರಿಸಿಕೊಂಡು ಬಿಚ್ಚಿ. ಪ್ರತಿ ಸಲ ಅದೇ ಗೆರೆ ಮೇಲೆ ಕೂತರೆ ಕೀಲು ಪಾಸು. 90ಕ್ಕೆ ಒಂಚೂರು ಆಚೀಚೆ ಇದ್ದು ಪ್ರತಿ ಸಲ ಅಲ್ಲೇ ನಿಂತರೆ ಓರೆಗುಂಡು ತಿರುಗಿಸಿ ಸರಿ ಮಾಡಬಹುದು. ಒಂದೊಂದು ಸಲ ಒಂದೊಂದು ಕಡೆ ನಿಂತರೆ ಏನೂ ಮಾಡೋಕಾಗಲ್ಲ.

ಚೌಕಟ್ಟು ಚಿಕ್ಕಣ್ಣ:

ಇದು ಒಪ್ಪೋ ಮಾತು. ಆದರೂ ಹೇಳ್ತೀನಿ, ಚೌಕಟ್ಟಿಗೆ ಕರ್ಣವೇ ಕೊನೇ ಮಾತು.

ಹಳೇ ಸಾಮಾನು:

ಅಂಕಿ ಹಾಕೋದು ಮರೀಬೇಡಿ. ಸೊನ್ನೆ ಹೊರ ಮೂಲೆಯಿಂದ ಶುರುವಾಗಲಿ. ಕೀಲಿನಿಂದ ಅಳತೆ ಶುರು ಮಾಡಿದರೆ ಪ್ರತಿ ಸಲ 40, 50 ಕೂಡಿಸ್ತಾ ಕೂರಬೇಕು. ಈ ವಿನ್ಯಾಸದಲ್ಲಿ ಚಿಕ್ಕ ಪಟ್ಟಿಯ ಬುಡ ಹೊರ ಮೂಲೆಯಿಂದ 50 ಮಿ.ಮೀ ಮೇಲೆ ಶುರುವಾಗುತ್ತದೆ. ಹಾಗಾಗಿ ಅದರ ಮೊದಲ ಅಂಕಿಯೇ 50. ಮೊದಲ 50 ಮಿ.ಮೀ ಅಳತೆ ದೊಡ್ಡ ಪಟ್ಟಿಯ ಮೂಲೆ ಭಾಗದ ಮೇಲೆ ಬರಬೇಕು. ಚಿತ್ರ ಬರೆಯುವಾಗ ಇದು ಸುಲಭವಾಗಿ ಕಣ್ತಪ್ಪುತ್ತದೆ.

ಹೊರ ಅಂಚು ಕೂಡ ಅಷ್ಟೇ. ಚಿಕ್ಕ ಪಟ್ಟಿಯ ಹೊರ ಅಂಚೂ ದೊಡ್ಡ ಪಟ್ಟಿಯ ತಲೆಯೂ ಸೇರಿ ಒಂದೇ ಗೆರೆ ಆಗಬೇಕು. ಅಲ್ಲಿ ಮೆಟ್ಟಿಲು ಬಿದ್ದರೆ ಬೆರಳಿಗೇ ಗೊತ್ತಾಗುತ್ತದೆ. ಬೀಗ ಹಾಕಿದ ಸ್ಥಿತಿಯಲ್ಲೇ ಕೊನೆಯ ಮಸೆತ ಮಾಡಿ.

ಗೀಟುಗಾರ:

ಹಾಗಾದರೆ ಚಿತ್ರ ತಿದ್ದುತ್ತೇನೆ. ಮೂರು ಪದರ, ಒಳಮೂಲೆಯಲ್ಲಿ ಕೀಲು, ಹೊರಗಡೆ ಓರೆಗುಂಡಿನ ತಡೆ, ನಾಣ್ಯದಿಂದ ತಿರುಗುವ ಕ್ಯಾಮ್. ಮೊದಲು ರಟ್ಟಿನಲ್ಲಿ ಕತ್ತರಿಸಿ ಮಡಚಿ ನೋಡ್ತೀನಿ. ಕೊಕ್ಕೆ ಬಿಲ್ಲೆಗೆ ಸಿಗುತ್ತಾ, ಮಡಚುವಾಗ ಎಲ್ಲೂ ತಗುಲಲ್ವಾ ಅಂತ ರಟ್ಟಿನಲ್ಲೇ ಗೊತ್ತಾಗುತ್ತದೆ.

ಹಲಗೆಯ ಅಂಚಿಗೆ ಒತ್ತೋಕೆ ದಪ್ಪ ತುಟಿ ಬೇಕಲ್ಲ? ಅದನ್ನ ಪಟ್ಟಿಗೇ ಸೇರಿಸಬೇಕಾ, ಬೇರೆ ಇಡಬೇಕಾ? ಇನ್ನೊಂದು ಪ್ರಶ್ನೆ, ಕೀಲಿಗೆ ಎಣ್ಣೆ ಯಾವುದು ಹಾಕಲಿ?

ಲೇತ್ ಮೇಷ್ಟ್ರು:

ತುಟಿ ಸೇರಿಸಿದರೆ ಒಂದು ಮುಖ ಹೋಯ್ತು, ಮೇಡಂ ಬಿಡ್ತಾರಾ? ಬೇರೆ ಇಡಿ. ಗಟ್ಟಿ ಮರದ ಎರಡು ತುಂಡಿಗೆ ಗಾಡಿ ಕೊರೆದು, ಪಟ್ಟಿಗೆ ತೂರಿಸಿ, ಪಕ್ಕದಿಂದ ಒಂದು ಸ್ಕ್ರೂ ಬಿಗಿ ಮಾಡೋದು. ಮೆಟ್ಟಿಲಿನ ಗುರುತು ಹಾಕೋರಿಗೆ ಹೇಗೂ ಎರಡು ಬೇಕು. ಒಂದು ಏರಿನ ಅಳತೆಗೆ, ಒಂದು ತುಳಿಯೋ ಜಾಗದ ಅಳತೆಗೆ.

ಎಣ್ಣೆ ಬೇಡವೇ ಬೇಡ. ಎಣ್ಣೆಗೆ ಹೊಟ್ಟು ಅಂಟಿ ಕೆಸರಾಗುತ್ತದೆ, ಆಮೇಲೆ ಮರಕ್ಕೂ ಕಲೆ ಮೆತ್ತುತ್ತದೆ. ಆ ಕಲೆ ಮೇಲೆ ಪಾಲಿಶ್ ನಿಲ್ಲಲ್ಲ. ಗ್ರಾಫೈಟ್ ಪುಡಿ ಕಪ್ಪು ಹಿಡಿಸುತ್ತದೆ. ಮೇಣದ ಬತ್ತಿ ತುಂಡು ಉಜ್ಜಿ, ಬಟ್ಟೆಯಿಂದ ಒರೆಸಿಬಿಡಿ. ತಡೆ ತಾಗುವ ಜಾಗಕ್ಕೆ ಮಾತ್ರ ಅದೂ ಬೇಡ, ಒಣಗಿದ್ದೇ ಇರಲಿ.